ಈಜಿಪ್ಟಿನ ರಾಜಪಾರ್ಟು

ನಾನು ನಾಟಕದವಳು. ಹಾಗಂದ ಕೂಡಲೇ ನಮ್ಮ ಕಡೆಯವರ ಮುಖ ಹೇಗೆ ಬದಲಾಗುತ್ತದೆ ಅನ್ನುವುದು ಮೂವತ್ತು ವರ್ಷದಿಂದ ನನಗೆ ಗೊತ್ತು. ಅದಕ್ಕೇ ಮೊದಲು ಅದನ್ನೇ ಹೇಳಿ ಮುಗಿಸುತ್ತಿದ್ದೇನೆ.

ನನ್ನ ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಗಂಡಸರು ಸೇರಿ ನಾಟಕ ಆಡಿದರೆ ಹೆಣ್ಣು ಪಾತ್ರಕ್ಕೆ ನಮ್ಮಂಥವರನ್ನು ಕರೆಸುತ್ತಾರೆ. ಅವರು ಎರಡು ತಿಂಗಳು ಪ್ರಾಕ್ಟೀಸು ಮಾಡಿರುತ್ತಾರೆ. ನಾವು ಆವತ್ತು ಬಸ್ಸಿಳಿದು, ನಾಟಕ ಕಲಿಸುವ ಮಾಸ್ತರರ ಹತ್ತಿರ ಕಥೆ ಕೇಳಿಕೊಂಡು, ಬಣ್ಣ ಹಚ್ಚಿಕೊಂಡು ನಿಲ್ಲುತ್ತೇವೆ. ಆದರೂ ಮಾತು ಮರೆಯುವವರು ಅವರು, ಎತ್ತಿಕೊಡುವವರು ನಾವು. ಹದಿನೆಂಟಕ್ಕೆ ನಾಯಕಿಯಾಗಿ ಶುರು ಮಾಡಿದೆ. ಮೂವತ್ತೈದು ದಾಟಿದ ಮೇಲೆ ತಾಯಿ ಪಾತ್ರಕ್ಕೆ ಇಳಿಸಿದರು. ತಾಯಿ ಅಂದರೆ ಅಳುವವಳು. ಗೌಡ ಬೈದರೆ ಅಳಬೇಕು, ಮಗ ಬಿಟ್ಟುಹೋದರೆ ಅಳಬೇಕು, ವಾಪಸ್ಸು ಬಂದರೂ ಅಳಬೇಕು. ಹಾರ್ಮೋನಿಯಂ ಒಂದು ಸ್ವರ ಹಿಡಿದರೆ ಸಾಕು, ನನ್ನ ಕಣ್ಣಿಗೆ ನೀರು ತಾನೇ ಬರುತ್ತಿತ್ತು. ನನ್ನ ಅವ್ವನೂ ಇದೇ ಕೆಲಸ ಮಾಡಿದವಳು. ತಬಲಾ ಬಾರಿಸುತ್ತಿದ್ದ ನನ್ನ ಗಂಡ ಮಗಳಿಗೆ ಆರು ವರ್ಷವಿದ್ದಾಗ ತೀರಿಕೊಂಡ. ಆ ಮಗಳನ್ನು ಅತ್ತೂ ಅತ್ತೂ ಓದಿಸಿದೆ ಅಂತ ನಾನು ಹೇಳಿದರೆ ಜನ ಕಷ್ಟದ ಮಾತು ಅಂದುಕೊಳ್ಳುತ್ತಾರೆ. ಅದು ಬರೀ ನನ್ನ ಉದ್ಯೋಗದ ವಿವರ.

ಒಂದು ದಿನ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದೆ. ಆಟೋದಿಂದ ಒಬ್ಬ ಹೆಣ್ಣುಮಗಳು ಇಳಿದರು. ದಪ್ಪ ಕನ್ನಡಕ, ಕಾಟನ್ ಸೀರೆ, ಬಗಲಲ್ಲಿ ಫೈಲು. ಕೊಟ್ಟೂರಿನವರು, ಕಾಲೇಜಿನಲ್ಲಿ ಇತಿಹಾಸ ಹೇಳಿ ರಿಟೈರ್ ಆದವರು ಅಂತ ಆಮೇಲೆ ಗೊತ್ತಾಯಿತು. ನಾನು ಅವರನ್ನು ಮೇಡಂ ಅನ್ನುತ್ತೇನೆ, ಈಗಲೂ.

“ತೆಲಿಗಿ ಹತ್ರ ಒಂದು ನಾಟಕದಾಗ ತಾಯಿ ಪಾರ್ಟು ಮಾಡಿದ್ರಿ, ನೀವ ಅಲ್ರಿ?” ಅಂದರು.

“ಮಾಡಿರ್ಬೇಕ್ರಿ. ಎಲ್ಲಾ ಊರಾಗೂ ನಾನ ತಾಯಿ.”

“ಅವತ್ತು ಮಗನ ಪಾರ್ಟಿನಾತ ಮಾತು ಮರ್ತು ಕಂಬದಂಗ ನಿಂತ್ಬಿಟ್ಟ. ನೀವು ಅಳಾದು ನಿಲ್ಲಿಸಿ, ಅವನ ಮಾತನ್ನೂ ನೀವ ಹೇಳಿ, ಅದಕ್ಕ ಉತ್ತರಾನೂ ನೀವ ಕೊಟ್ರಿ. ನನ್ನ ಅರಸರು ಸಿಕ್ಕರು ಅಂತ ನಾ ಅಲ್ಲೇ ತೀರ್ಮಾನ ಮಾಡಿದೆ.”

ನನಗೆ ಏನೂ ತಿಳಿಯಲಿಲ್ಲ. ಅವರು ಫೈಲು ಬಿಚ್ಚಿ ಒಂದು ಫೋಟೋ ತೋರಿಸಿದರು. ಕಲ್ಲಿನ ಮೂರ್ತಿಯ ಮುಖ. ಗಲ್ಲ, ತುಟಿ, ಕಣ್ಣು ಎಲ್ಲಾ ಹೆಂಗಸಿನದು. ನುಣ್ಣಗಿನ ಎಳೆ ಮುಖ. ಆದರೆ ಗದ್ದದಿಂದ ಕೆಳಕ್ಕೆ ಜಡೆಯಂಥ ಉದ್ದನೆಯ ಗಡ್ಡ.

“ಯಾರ್ರಿ ಈಕಿ?”

“ಈಕಿ ಈಜಿಪ್ಟಿನ ಫೇರೋ. ಅಂದ್ರ ಅರಸರು. ರಾಣಿ ಅಲ್ಲ, ಅರಸರು. ಮೂರೂವರಿ ಸಾವಿರ ವರ್ಷದ ಹಿಂದಿನ ಮಾತು.”

ಆವತ್ತು ಅವರು ಮಧ್ಯಾಹ್ನದ ತನಕ ಕೂತರು. ನಾನು ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ, ಅವರು ಒಲೆ ಪಕ್ಕ ಮಣೆ ಹಾಕಿಕೊಂಡು ಹೇಳುತ್ತಿದ್ದರು. ಆಕೆಯ ಹೆಸರನ್ನು ಅವರು ಎಷ್ಟು ಸಲ ಹೇಳಿಕೊಟ್ಟರೂ ನನ್ನ ನಾಲಿಗೆಗೆ ತಿರುಗಲಿಲ್ಲ. ಕೊನೆಗೂ ನಾವೆಲ್ಲ ಆಕೆಯನ್ನು ಅರಸರು ಅಂತಲೇ ಕರೆದೆವು.

ಆಕೆಯ ಅಪ್ಪ ದೊಡ್ಡ ಅರಸು, ದಂಡು ಕಟ್ಟಿಕೊಂಡು ದೂರದೂರ ಹೋಗಿ ಗೆದ್ದು ಬಂದವನು. ಪಟ್ಟದ ರಾಣಿಯ ಮಗಳು ಆಕೆ. ಅಪ್ಪ ಸತ್ತ ಮೇಲೆ ಪಟ್ಟ ಬೇರೊಬ್ಬ ಹೆಂಡತಿಯ ಮಗನಿಗೆ ಹೋಯಿತು. ಆಕೆಯನ್ನು ಅವನಿಗೇ ಮದುವೆ ಮಾಡಿದರು.

ರೊಟ್ಟಿ ಬಡಿಯುವ ಕೈ ನಿಲ್ಲಿಸಿದೆ. “ಅಂದ್ರ, ಒಬ್ಬ ಅಪ್ಪನ ಮಕ್ಕಳು?”

“ಹೌದು. ಅರಮನಿ ರಕ್ತ ಹೊರಗ ಹೋಗಬಾರದು ಅಂತ ಅವರಲ್ಲಿ ಹಂಗ ಮಾಡ್ತಿದ್ರು.”

“ಆಕಿನ್ನ ಕೇಳಿದ್ರೇನ್ರಿ?”

“ಕೇಳಿದ ದಾಖಲೆ ಇಲ್ಲ,” ಅಂದರು ಮೇಡಂ. ಅವರ ಎಷ್ಟೋ ಮಾತು ಹೀಗೇ ಮುಗಿಯುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತು ಅಂತ ಅವರು ಒಂದು ದಿನವೂ ಹೇಳಲಿಲ್ಲ.

ಆ ಗಂಡನಿಂದ ಆಕೆಗೆ ಒಬ್ಬಳೇ ಮಗಳು. ಅವನಿಗೆ ಇನ್ನೊಬ್ಬ ಹೆಂಗಸಿನಲ್ಲಿ ಒಬ್ಬ ಮಗ. ಗಂಡ ಬೇಗ ಸತ್ತ. ಆ ಮಗ ಇನ್ನೂ ಎಳೆಯ ಕೂಸು, ಆದರೂ ಪಟ್ಟ ಅವನದೇ. ಕೂಸು ದೊಡ್ಡದಾಗುವ ತನಕ ಮಲತಾಯಿ ರಾಜ್ಯ ನೋಡಿಕೊಳ್ಳಲಿ ಅಂದರು. ನೋಡಿಕೊಂಡಳು. ಕೆಲವು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ದಿನ ಆಕೆ ರಾಣಿಯ ಕಿರೀಟ ತೆಗೆದಿಟ್ಟು ಅರಸನ ಕಿರೀಟ ಹಾಕಿಕೊಂಡಳು. ಅರಸರು ಕಟ್ಟಿಕೊಳ್ಳುವ ಕೃತಕ ಗಡ್ಡವನ್ನೂ ಕಟ್ಟಿಕೊಂಡಳು. ಮಲಮಗನನ್ನು ಕೊಲ್ಲಿಸಲಿಲ್ಲ, ಓಡಿಸಲಿಲ್ಲ. ಅವನೂ ಅರಸ, ತಾನೂ ಅರಸ ಅಂದಳು. ಇಪ್ಪತ್ತು ವರ್ಷದ ಹತ್ತಿರ ಆಳಿದಳು.

“ಜಗಳ ಆಗ್ಲಿಲ್ರಿ?”

“ದೊಡ್ಡ ದಂಗೆ ಆದದ್ದು ಕಾಣಾದಿಲ್ಲ. ಹಡಗು ಕಳಿಸಿ ದೂರದ ದೇಶದಿಂದ ಧೂಪದ ಗಿಡ ತರಿಸಿದ್ಳು, ನಮ್ಮ ಲೋಬಾನದಂಥವು. ಬೇರು ಸಮೇತ ಕಿತ್ತು, ಬುಟ್ಟಿಯಾಗ ಇಟ್ಟು, ಹಡಗಿನ್ಯಾಗ ತಂದ್ರು. ಉಚ್ಚಂಗಿದುರ್ಗದ ಗುಡ್ಡ ನೋಡೀರಲ್ಲ? ಅದಕ್ಕಿಂತ ಎಷ್ಟೋ ಎತ್ತರದ ಕಲ್ಲುಬಂಡಿ ಬುಡಕ್ಕ ಮೂರು ಅಂತಸ್ತಿನ ಗುಡಿ ಕಟ್ಟಿಸಿದ್ಳು. ಅದು ಇವತ್ತಿಗೂ ಐತಿ.”

“ಮಗಳು ಏನಾದ್ಳು?”

ಮೇಡಂ ಇನ್ನೊಂದು ಫೋಟೋ ತೆಗೆದರು. ಅದೂ ಕಲ್ಲಿನ ಮೂರ್ತಿಯೇ, ಒಬ್ಬ ಗಂಡಸು ಮಂಡಿ ಮಡಚಿ ಕೂತಿದ್ದಾನೆ, ಮೈತುಂಬ ಹೊದ್ದಿದ್ದಾನೆ. ಆ ಹೊದಿಕೆಯಿಂದ ಒಂದು ಪುಟ್ಟ ಹುಡುಗಿಯ ತಲೆ ಮಾತ್ರ ಹೊರಗೆ ಇಣುಕುತ್ತಿದೆ. ಆತ ಅರಸರ ನಂಬಿಕೆಯ ಮಂತ್ರಿ, ಸಾಮಾನ್ಯರ ಮನೆಯಿಂದ ಬಂದವನು, ಮಗಳ ಗುರು. “ಒಂದು ವಯಸ್ಸಿನ ನಂತರ ಈ ಹುಡುಗಿ ಸುದ್ದಿ ಎಲ್ಲೂ ಸಿಗಾದಿಲ್ಲ. ತಾಯಿಗಿಂತ ಮೊದಲ ಸತ್ತಿರಬೇಕು ಅಂತಾರ.”

ಆ ಪುಟ್ಟ ತಲೆಯನ್ನು ನೋಡುತ್ತ ಹಂಚಿನ ಮೇಲಿನ ರೊಟ್ಟಿಯನ್ನು ಸೀಯಿಸಿಬಿಟ್ಟೆ.

“ಕಡಿಗೆ?”

“ಕಡಿಗೆ ಅರಸರು ಸತ್ತರು, ಮಲಮಗ ಒಬ್ಬನ ಅರಸ ಆದ. ಎಷ್ಟೋ ವರ್ಷ ಸುಮ್ನಿದ್ದು, ತನ್ನ ಮುಪ್ಪಿನ್ಯಾಗ ಉಳಿ ಸುತ್ತಿಗಿ ಕೊಟ್ಟು ಜನ ಕಳಿಸಿದ. ಗೋಡಿ ಮ್ಯಾಲಿನ ಆಕಿ ಮುಖ ಎಲ್ಲಾ ಕೆತ್ತಿ ತೆಗೆಸಿದ. ಮೂರ್ತಿ ಒಡಿಸಿ ಗುಂಡಿಗೆ ಹಾಕಿಸಿದ. ಸಿಟ್ಟು ಅಂತಾರ ಕೆಲವರು, ತನ್ನ ಮಗನ ಪಟ್ಟ ಗಟ್ಟಿ ಮಾಡಾಕ ಅಂತಾರ ಕೆಲವರು. ಈ ಮೂರ್ತಿ ಆ ಗುಂಡಿಯಿಂದ ತುಂಡು ತುಂಡು ತೆಗೆದು ಜೋಡಿಸಿದ್ದು.”

ಮೇಡಂ ಇದನ್ನು ನಾಟಕ ಮಾಡಿ ಬರೆದಿದ್ದರು. ಆ ಅರಸರ ಪಾತ್ರ ನನಗೆ ಅಂದರು. ಐವತ್ತರ ಹೊಸ್ತಿಲಲ್ಲಿದ್ದೆ. ಅಷ್ಟು ವರ್ಷದಲ್ಲಿ ಯಾರೂ ನನ್ನನ್ನು ಸಿಂಹಾಸನದ ಮೇಲೆ ಕೂರಿಸಿರಲಿಲ್ಲ. ಪಕ್ಕದಲ್ಲಿ ನಿಲ್ಲಿಸಿದ್ದರು.

ನಾಟಕ ಆಡಬೇಕೆಂದರೆ ಪರದೆ, ಸೀನರಿ, ಮೈಕು ಎಲ್ಲಾ ಬೇಕು. ಕೊಟ್ಟೂರಿನಲ್ಲಿ ಅವೆಲ್ಲ ಇದ್ದದ್ದು ಒಂದು ನಾಟಕ ಸಂಘದ ಹತ್ತಿರ. ಸಂಘ ಅಂದರೆ ಒಬ್ಬ ಸಾವ್ಕಾರ್ರು. ಕಾಳುಕಡಿ ಕೊಳ್ಳುವ ಮಾರುವ ದೊಡ್ಡ ಅಡತಿ ಅಂಗಡಿ ಅವರದು. ನಮ್ಮ ಸೀಮೆಯಲ್ಲಿ ರಾಜಪಾರ್ಟು ಅಂದರೆ ಅವರೇ. ದಪ್ಪ ಮೀಸೆ, ಮೈಕು ಬೇಡದ ದನಿ. ನಾನು ಎಷ್ಟೋ ಸಲ ಅವರಿಗೆ ರಾಣಿಯಾಗಿದ್ದೆ, ಆಮೇಲೆ ತಾಯಿಯೂ ಆಗಿದ್ದೆ, ಅವರು ನನಗಿಂತ ಎಂಟು ವರ್ಷ ದೊಡ್ಡವರಾದರೂ.

ಅಂಗಡಿಯಲ್ಲಿ ಕೂರಿಸಿ ಒಗ್ಗರಣಿ ಮಂಡಕ್ಕಿ, ಮಿರ್ಚಿ ತರಿಸಿದರು. ಕಥೆ ಕೇಳಿ ಖುಷಿಯಾದರು.

“ಈಜಿಪ್ಟು! ಬಾಳ ಚಲೋ ಐತಿ ಮೇಡಂ. ಹಿಂದ ಮೂರು ಪಿರಮಿಡ್ ಬರಸಾನ ಸೀನರಿ.”

“ಈ ಅರಸರ ಕಾಲಕ್ಕ ಪಿರಮಿಡ್ನ್ಯಾಗ ಹುಗಿತಿರ್ಲಿಲ್ರಿ. ಗುಡ್ಡದಾಗ ಗವಿ ಕೊರಿತಿದ್ರು.”

“ಇರ್ಲಿ ಬಿಡ್ರಿ, ಜನಕ್ಕ ಪಿರಮಿಡ್ ಇದ್ರನ ಈಜಿಪ್ಟು.” ಮೀಸೆ ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಮದುವಿ, ಗಂಡ ಸಾಯಾದು, ಕೂಸು ನೋಡ್ಕೊಳ್ಳಾದು, ಅಲ್ಲಿ ತನಕ ನೀ ಮಾಡವ್ವ. ಅಳಾ ಸೀನು ಅದಾವು, ನೀ ಚಂದ ಮಾಡ್ತಿ. ಗಡ್ಡ ಕಟ್ಟಿದ ಮ್ಯಾಲೆ ನಾ ಬರ್ತೀನಿ.”

ನಾನು ಮೊದಲು ತಮಾಷೆ ಅಂದುಕೊಂಡೆ. ಅಲ್ಲ. ಒಂದೇ ಪಾತ್ರವನ್ನು ನಡುವೆ ಕತ್ತರಿಸಿ ಹಂಚುತ್ತಿದ್ದರು. ಸೀರೆಯುಟ್ಟು ಅಳುವ ಅರ್ಧ ನನಗೆ, ಆಳುವ ಅರ್ಧ ಅವರಿಗೆ.

“ಆಕಿ ಹೆಣ್ಣುಮಗಳು ಸಾವ್ಕಾರ್ರೆ. ಗಡ್ಡ ಕಟ್ಟಿದ ಮ್ಯಾಲೂ ಹೆಣ್ಣುಮಗಳ.”

“ಗೊತ್ತೈತವ್ವ. ಆದ್ರ ರಾಜಪಾರ್ಟಿಗೆ ದನಿ ಬೇಕು, ಎದಿ ಬೇಕು. ಹೆಣಮಕ್ಳು ಗಡ್ಡ ಕಟ್ಕೊಂಡು ಬಂದ್ರ ಜನ ನಗ್ತಾರ.”

ಅವರ ತಲೆಯ ಮೇಲೆ ಗೋಡೆಯಲ್ಲಿ ಒಂದು ಹಳೇ ಫೋಟೋ ಇತ್ತು. ಹಾರ ಹಾಕಿ ಊದಿನಕಡ್ಡಿ ಹಚ್ಚಿದ್ದರು. ರೇಷ್ಮೆ ಸೀರೆ, ಮೂಗುತಿ, ಸೊಂಟಪಟ್ಟಿ, ಮುಡಿತುಂಬ ಹೂವು. ಅದು ಅವರ ತಂದೆಯ ಫೋಟೋ. ಹೆಂಗಸರು ರಂಗಕ್ಕೆ ಬಾರದ ಕಾಲದಲ್ಲಿ ಆ ಹಿರಿಯರು ಹೆಣ್ಣು ಪಾತ್ರಕ್ಕೆ ಹೆಸರಾದವರು. ಅವರನ್ನು ನೋಡಲು ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ.

“ಅಣ್ಣಾರ,” ಅಂದೆ, “ನಿಮ್ಮ ಅಪ್ಪಾರು ಸೀರಿ ಉಟ್ಟು ಬಂದಾಗ ಜನ ನಕ್ಕರೇನ್ರಿ?”

“ಏ, ಅದು ಕಲಾ!”

“ಅವರು ಉಟ್ರ ಕಲಾ, ನಾ ಕಟ್ಟಿದ್ರ ನಗಿ. ಹೌದಲ್ರಿ?”

ಅವರ ಮುಖ ಕೆಂಪಾಯಿತು. ತಂದೆಯ ಹೆಸರೆತ್ತಿದ್ದು ತಪ್ಪೇನೋ ಅಂತ ಒಂದು ಕ್ಷಣ ಅನ್ನಿಸಿತು. ಆ ಹಿರಿಯರ ಬಗ್ಗೆ ನನಗೆ ಗೌರವವಿದೆ, ನನ್ನ ಅವ್ವ ಅವರಿಂದಲೇ ನಡಿಗೆ ಕಲಿತವಳು. ಆದರೆ ಮಾತು ಹಿಂದಕ್ಕೆ ತಗೊಳ್ಳಲಿಲ್ಲ. ಸಾವ್ಕಾರ್ರು ಮಿರ್ಚಿ ಪ್ಲೇಟು ಸರಿಸಿ, “ಹಂಗಾದ್ರ ನಮ್ಮ ಪರದಿ ಕೇಳಬ್ಯಾಡ್ರಿ,” ಅಂದರು.

“ಕೇಳಾದಿಲ್ರಿ,” ಅಂದೆ. ಎದ್ದು ಬಂದೆವು. ನನ್ನನ್ನು ಬಸ್ಸಿಗೆ ಹತ್ತಿಸಲು ಮೇಡಂ ಬಸ್ ಸ್ಟ್ಯಾಂಡಿನ ತನಕ ಬಂದರು.  

ಗಂಡಸರೇ ಬೇಡ, ಎಲ್ಲಾ ಪಾತ್ರ ಹೆಂಗಸರೇ ಮಾಡೋಣ ಅಂತ ಮೇಡಂ ಅಲ್ಲೇ ತೀರ್ಮಾನಿಸಿದರು. ಮುಂದಿನ ತಿಂಗಳಲ್ಲಿ ಎಂಟು ಜನ ಸೇರಿದೆವು. ಮಂತ್ರಿಯ ಪಾತ್ರಕ್ಕೆ ಒಬ್ಬ ಅಂಗನವಾಡಿ ಟೀಚರ್. ಮಲಮಗನಿಗೆ ಸರ್ಕಾರಿ ಬಸ್ಸಿನ ಒಬ್ಬ ಕಂಡಕ್ಟರ್, ಗಟ್ಟಿ ಆಳು, ಎತ್ತರದವಳು. ಅವಳ ಮನೆಯಲ್ಲಿ ಅಂಬೇಡ್ಕರ್ ಫೋಟೋ, ಬುದ್ಧನ ಫೋಟೋ ಬಿಟ್ಟರೆ ಬೇರೆ ದೇವರಿಲ್ಲ. ಮೊದಲ ದಿನ ಸ್ಕ್ರಿಪ್ಟ್ ಓದಿ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಆ ಕಲ್ಲುಬಂಡಿ ಒಡದು ಗುಡಿ ಕಟ್ಟಿದೋರು ಯಾರ್ರಿ ಮೇಡಂ? ಅವ್ರು ಒಬ್ರೂ ಇದ್ರಾಗ ಇಲ್ಲಲ್ಲ.” ಮೇಡಂ ಒಂದು ವಾರ ಕೂತು ಕಲ್ಲು ಹೊರುವವರದೊಂದು ಸೀನು ಬರೆದರು. ಇಡೀ ನಾಟಕದಲ್ಲಿ ಅದೇ ಚೆನ್ನಾಗಿತ್ತು ಅಂತ ನನ್ನ ಅಭಿಪ್ರಾಯ, ನಾನು ಅದರಲ್ಲಿ ಇರದಿದ್ದರೂ.

ಭಾನುವಾರ ಭಾನುವಾರ ಕೊಟ್ಟೂರಿನಲ್ಲಿ ಮೇಡಂ ಮನೆ ಮಹಡಿಯ ಮೇಲೆ ಪ್ರಾಕ್ಟೀಸು. ಗಡ್ಡವನ್ನು ನಾನೇ ಮಾಡಿದೆ. ಹಗ್ಗ ಹೊಸೆಯುವ ಪುಂಡಿ ನಾರಿಗೆ ಕರಿ ಬಣ್ಣ ಹಾಕಿ, ಮೂರು ಎಳೆ ತಗೊಂಡು ಹೆಣೆದೆ. ಮಗಳಿಗೆ ಹತ್ತು ವರ್ಷ ಜಡೆ ಹಾಕಿದ ಕೈ, ಐದು ನಿಮಿಷದಲ್ಲಿ ಮುಗಿಯಿತು. ಕಟ್ಟಿಕೊಂಡು ಕನ್ನಡಿಯಲ್ಲಿ ನೋಡಿಕೊಂಡಾಗ ನನಗೇ ನಗು ಬಂತು. ಆಮೇಲೆ ಸುಮ್ಮನೆ ನೋಡುತ್ತ ನಿಂತೆ. ನಗು ಹೋಯಿತು.

ಕಷ್ಟವಾದದ್ದು ದನಿ. ಮೊದಮೊದಲು ನಾನೂ ಸಾವ್ಕಾರ್ರ ಹಾಗೆ ಗರ್ಜಿಸಲು ಹೋದೆ. ಗಂಟಲು ಹರಿಯಿತು, ಟೀಚರ್ ಬಾಯಿಗೆ ಸೆರಗು ಹಿಡಿದುಕೊಂಡಳು. ಆವತ್ತು ಮನೆಗೆ ಬಂದು ಯೋಚಿಸಿದೆ. ಇಪ್ಪತ್ತು ವರ್ಷ ಆಳಿದವಳು ಚೀರುತ್ತ ಆಳಿರಲಾರಳು. ತೂಕದಲ್ಲಿ ಮೋಸ ಮಾಡುವ ಹಣ್ಣಿನ ಗಾಡಿಯವನನ್ನು, ಗಂಡ ಸತ್ತ ಮೇಲೆ ಮನೆಯಲ್ಲಿ ಪಾಲು ಕೇಳಲು ಬಂದ ಮೈದುನನನ್ನು, ಬಸ್ಸಿನಲ್ಲಿ ಮೈಗೆ ತಗುಲುವವನನ್ನು ನಾನು ನಿಲ್ಲಿಸಿದ್ದು ಸಣ್ಣ ದನಿಯಿಂದಲೇ. ಆ ದನಿಯನ್ನೇ ಅರಸರಿಗೆ ಕೊಟ್ಟೆ.

ಮಗಳು ಸಾಯುವ ಸೀನಿನಲ್ಲಿ ಮೇಡಂ ಎರಡು ಪುಟ ಅಳು ಬರೆದಿದ್ದರು. “ಇದನ್ನ ತೆಗೀರಿ,” ಅಂದೆ.

“ಮಗಳು ಸತ್ತಾಳ್ರಿ. ಅಳದಿದ್ರ ಹೆಂಗ?”

“ಮೂವತ್ತು ವರ್ಷ ಅತ್ತೀನಿ ಮೇಡಂ. ಇಲ್ಲಿ ಅಳಾದಿಲ್ಲ. ಏನು ಮಾಡ್ತೀನಿ ಗೊತ್ತಿಲ್ಲ, ಅಳಾದಂತೂ ಇಲ್ಲ.”

ಅವರು ಪೆನ್ನು ತೆಗೆದು ಎರಡೂ ಪುಟಕ್ಕೆ ಅಡ್ಡಗೆರೆ ಎಳೆದರು.

ಹರಪನಹಳ್ಳಿಯ ಒಂದು ಹೆಣ್ಣುಮಕ್ಕಳ ಕಾಲೇಜಿನ ಪ್ರಿನ್ಸಿಪಾಲರು ಮೇಡಂ ಶಿಷ್ಯೆ. ಬೆಳಿಗ್ಗೆ ಹನ್ನೊಂದಕ್ಕೆ ಸಭಾಂಗಣ ಕೊಟ್ಟರು. ಹ್ಯಾಂಡ್‌ಬಿಲ್ ಮಾಡಿಸಿದೆವು, ನಡುವೆ ಗಡ್ಡ ಕಟ್ಟಿಕೊಂಡ ನನ್ನ ಫೋಟೋ. ಹಳ್ಳಿ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ನಮ್ಮ ಫೋಟೋ ಯಾವಾಗಲೂ ಕೆಳಗಡೆ ಮೂಲೆಯಲ್ಲಿ, ಬೆರಳುಗುರುತಿನಷ್ಟು ಇರುತ್ತದೆ. ಇದು ಅಂಗೈಯಷ್ಟಿತ್ತು. ಆ ಊರಿನ ಗೋಡೆಗೋಡೆಗೆ ಅಂಟಿಸಿದರು. ಮಗಳ ಮನೆ ಇರುವುದು ಆ ಊರಿನಲ್ಲೇ.

ನನ್ನ ಮಗಳು ಸ್ಟಾಫ್ ನರ್ಸ್. ಮದುವೆಯಾಗಿ ಮೂರು ವರ್ಷ. ಅಳಿಯನಿಗೆ ನನ್ನ ಕೆಲಸ ಗೊತ್ತು. ಆದರೆ ಅತ್ತೆಗೆ, ಓಣಿಯವರಿಗೆ ಮಗಳು ಹೇಳಿದ್ದು ‘ನಮ್ಮವ್ವ ಟೇಲರಿಂಗ್ ಮಾಡ್ತಾಳ’ ಅಂತ. ನನ್ನ ಮುಂದೆಯೇ ಒಮ್ಮೆ ಹೇಳಿದಳು. ಬೀಗತಿ ಒಂದು ಬ್ಲೌಸಿನ ಕೈ ಬಿಗಿಯಾಗೈತಿ ಅಂತ ತಂದುಕೊಟ್ಟಾಗ ಸುಮ್ಮನೆ ತಗೊಂಡು ಬಂದು ಬೇರೆಯವರ ಹತ್ತಿರ ಬಿಚ್ಚಿಸಿ ಹೊಲಿಸಿ ಕಳಿಸಿದ್ದೆ.

ನಾಟಕಕ್ಕೆ ಐದು ದಿನ ಇದ್ದಾಗ ಮಗಳು ಬಂದಳು. ಚಪ್ಪಲಿ ಬಿಡದೆ ಹೊಸ್ತಿಲಲ್ಲಿ ನಿಂತು, ಮಡಚಿದ ಹ್ಯಾಂಡ್‌ಬಿಲ್ ಚಾಚಿದಳು.

“ಇದೇನವ್ವಾ?”

“ನಾಟಕ. ಒಳಗ ಬಾ, ಚಾ ಕುಡಿ.”

“ನಮ್ಮ ಆಸ್ಪತ್ರಿ ಗೇಟಿನ ಮುಂದ ಹಚ್ಯಾರ. ನಾಟಕ ಮಾಡಬ್ಯಾಡ ಅನ್ನಾದಿಲ್ಲ. ಫೋಟೋ ಒಂದು ತೆಗಿಸು. ಹೊಸದು ಮಾಡ್ಸು, ಈಜಿಪ್ಟಿನ ಯಾವ್ದಾರ ಮೂರ್ತಿ ಫೋಟೋ ಹಾಕ್ಸು. ಅತ್ತಿ ನೋಡಿದ್ರ ನಾ ಏನು ಹೇಳ್ಲಿ?”

“ಗಡ್ಡ ಐತಲ್ಲ, ಗುರುತು ಸಿಗಾದಿಲ್ಲ ಬಿಡು.”

“ನಗಬ್ಯಾಡವ್ವಾ!”

ನಿಜವಾಗಿಯೂ ನನಗೆ ನಗು ಬಂದಿರಲಿಲ್ಲ. ಅವಳ ಕಣ್ಣು ತುಂಬಿದ್ದವು. ಆ ಕಣ್ಣು ತುಂಬಿದಾಗೆಲ್ಲ ನಾನು ಸೋತಿದ್ದೇನೆ. ಶಾಲೆಯ ವಾರ್ಷಿಕೋತ್ಸವಕ್ಕೆ ಬರಬೇಡ ಅಂದಾಗ ಹೋಗಲಿಲ್ಲ. ನರ್ಸಿಂಗ್ ಕಾಲೇಜಿನ ಫಾರಂನಲ್ಲಿ ತಾಯಿಯ ಉದ್ಯೋಗ ‘ಮನೆಗೆಲಸ’ ಅಂತ ಬರೆದಾಗ ಸಹಿ ಹಾಕಿದೆ. ಆವತ್ತು ಮಾತ್ರ ಒಳಗೆ ಏನೋ ನೆಟ್ಟಗೆ ನಿಂತಿತು.

“ಕೇಳು ಮಗಳೇ. ನೀ ಟೇಲರ್ ಅಂದಿ, ಸುಮ್ನಿದ್ದೆ. ಮನಿಗೆಲಸ ಅಂದಿ, ಸುಮ್ನಿದ್ದೆ. ನಾ ಮಾಡೋ ಈ ಅರಸರ ಮುಖಾನ ಬ್ಯಾರೇರು ಕೆತ್ತಿ ತೆಗುದ್ರು, ಅದೂ ಆಕಿ ಸತ್ತು ಎಷ್ಟೋ ವರ್ಷದ ಮ್ಯಾಲೆ. ನೀ ನನಗ, ನಾ ಜೀವ ಇದ್ದಾಗ್ಲೇ, ‘ನಿನ್ನ ಮುಖಾನ ನೀನ ತೆಗಿ’ ಅಂತಿ. ತೆಗ್ಯೋರು ತೆಗೀಲಿ. ನಾ ತೆಗ್ಯಾದಿಲ್ಲ.”

“ನನ್ನ ಸಂಸಾರ ಹಾಳಾದ್ರೂ?”

“ತಾಯಿ ನಾಟಕದಾಕಿ ಅಂತ ಹಾಳಾಗೋ ಸಂಸಾರ ಆಗಿದ್ರ, ಅದು ನನ್ನಿಂದ ಹಾಳಾಗ್ತೈತಿ ಅನ್ಬ್ಯಾಡ.”

ಅವಳು ಚಾ ಕುಡಿಯಲಿಲ್ಲ. ಹ್ಯಾಂಡ್‌ಬಿಲ್ಲನ್ನು ಕಟ್ಟೆಯ ಮೇಲಿಟ್ಟು ಹೋದಳು. ಬಸ್ ಸ್ಟ್ಯಾಂಡಿನ ತನಕ ಹಿಂದೆ ಹೋಗಬೇಕು ಅನ್ನಿಸಿತು. ಬಾಗಿಲ ಚೌಕಟ್ಟು ಹಿಡಿದು ನಿಂತೆ, ಹೋಗಲಿಲ್ಲ. ಅಂಥ ಮಾತನ್ನು ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಹೇಳಿದ್ದಕ್ಕೆ ಹೆಮ್ಮೆ ಏನೂ ಇರಲಿಲ್ಲ. ಆದರೆ ಹೇಳಬಾರದಿತ್ತು ಅಂತಲೂ ಅನ್ನಿಸಲಿಲ್ಲ.

ನಾಟಕದ ದಿನ ಸಭಾಂಗಣ ತುಂಬಿತ್ತು. ಮುಂದೆ ಕಾಲೇಜಿನ ಹುಡುಗಿಯರು, ಹಿಂದೆ ಊರಿನವರು. ಕಿಟಕಿಯ ಬಿಸಿಲು ತಡೆಯಲು ಹಾಸ್ಟೆಲಿನ ಬೆಡ್‌ಶೀಟು ಕಟ್ಟಿದ್ದರು. ಪರದೆ ಅಂತ ನಮಗೆ ಇದ್ದದ್ದೂ ಅವೇ. ಬಾಗಿಲ ಹತ್ತಿರ ಸಾವ್ಕಾರ್ರು ಕೈಕಟ್ಟಿ ನಿಂತದ್ದು ಸಂದಿಯಿಂದ ಕಾಣಿಸಿತು. ಮಗಳು ಕಾಣಲಿಲ್ಲ.

ಮೊದಲರ್ಧ ನನಗೆ ಗೊತ್ತಿದ್ದ ದಾರಿ. ಮದುವೆ, ಗಂಡನ ಸಾವು, ತೊಟ್ಟಿಲ ಕೂಸಿನ ಪಟ್ಟಾಭಿಷೇಕ. ಆಮೇಲೆ ಒಳಗೆ ಹೋಗಿ ಸೀರೆ ಬಿಚ್ಚಿ, ಬಿಳಿ ಪಂಚೆ, ನೀಲಿ ಹಳದಿ ಪಟ್ಟೆಯ ತಲೆವಸ್ತ್ರ ಹಾಕಿ, ಗಡ್ಡ ಕಟ್ಟಿಕೊಂಡು ಬಂದೆ.

ಸಾವ್ಕಾರ್ರು ಹೇಳಿದ್ದು ಸುಳ್ಳಲ್ಲ. ಜನ ನಕ್ಕರು. ಮೊದಲು ಹಿಂದಿನ ಸಾಲಿನ ಗಂಡಸರು, ಆಮೇಲೆ ಹುಡುಗಿಯರು, ಕಡೆಗೆ ಇಡೀ ಸಭಾಂಗಣ. ಯಾರೋ ಸೀಟಿ ಹೊಡೆದರು. “ಏ ಅಜ್ಜಾ, ಚಾ ಆತೇನು?” ಅಂತ ಒಬ್ಬ ಕೂಗಿದ. ಪಕ್ಕದಲ್ಲಿ ಮಂತ್ರಿ ಟೀಚರ್ ಬೆವರುತ್ತಿದ್ದಳು. ನನ್ನ ಮಾತು ಬೇಗ ಶುರು ಮಾಡಲಿ ಅಂತ ಕಣ್ಣಲ್ಲೇ ಬೇಡುತ್ತಿದ್ದಳು.

ನಾನು ಶುರು ಮಾಡಲಿಲ್ಲ.  ಸಿಂಹಾಸನದ ಮುಂದೆ ನೆಟ್ಟಗೆ ನಿಂತು ಮೊದಲ ಸಾಲಿನಿಂದ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಹೋದೆ. ಒಂದು ಸಾಲು ಮುಗಿಸಿ ಇನ್ನೊಂದು. ಯಾರನ್ನು ನೋಡಿದೆನೋ ಅವರ ನಗು ನಿಲ್ಲುತ್ತಿತ್ತು, ಬೇರೆ ಕಡೆ ಉಳಿದಿರುತ್ತಿತ್ತು. ಅವಸರ ಮಾಡಲಿಲ್ಲ. ಹಳ್ಳಿಯ ಕುಡುಕರು, ಕರೆಂಟು ಹೋದ ಕತ್ತಲು, ಮುರಿದ ಸ್ಟೇಜು, ಎಲ್ಲಾ ಕಂಡವಳು ನಾನು, ಕಾಯುವುದು ನನಗೆ ಹೊಸದಲ್ಲ. ಕಡೆಯ ಸಾಲಿಗೆ ಬರುವಾಗ ಫ್ಯಾನಿನ ಸದ್ದು ಕೇಳತೊಡಗಿತ್ತು. ಆಗ ಸಣ್ಣ ದನಿಯಲ್ಲಿ, ಮೇಡಂ ಬರೆಯದ ಒಂದು ಮಾತು ಹೇಳಿದೆ.

“ನಕ್ಕು ಮುಗೀತೇನು? ಮುಗಿದಿದ್ರ ನಮ್ಮ ರಾಜ್ಯದ ಕೆಲಸ ಶುರು ಮಾಡಾನ.”

ಕುರ್ಚಿಯ ಮೇಲೆ ಕೂತೆ. ಅಲ್ಲಿಂದ ಮುಂದೆ ಒಬ್ಬರೂ ನಗಲಿಲ್ಲ. ಹಡಗು ಹೊರಟಿತು, ಬುಟ್ಟಿಗಳಲ್ಲಿ ಗಿಡ ಬಂದವು. ಗಿಡ ಅಂದರೆ ನರ್ಸರಿಯಿಂದ ತಂದ ನುಗ್ಗಿ ಸಸಿ. ಕಲ್ಲು ಹೊರುವವರ ಸೀನಿಗೆ ಚಪ್ಪಾಳೆ ಬಿತ್ತು. ಮಗಳು ಸತ್ತ ಸುದ್ದಿಯನ್ನು ಮಂತ್ರಿ ತಂದಾಗ ಅವನ ಕೈಯಲ್ಲಿ ಬರೀ ಹೊದಿಕೆ ಇತ್ತು. ನಾನು ಅದನ್ನು ಈಸಿಕೊಂಡು, ನಿಧಾನವಾಗಿ ಮಡಚಿ, ತೊಡೆಯ ಮೇಲಿಟ್ಟುಕೊಂಡು, “ಮುಂದಿನ ಅರ್ಜಿ ಯಾರದು?” ಅಂದೆ. ಅಷ್ಟೇ. ಆ ಕ್ಷಣಕ್ಕೆ ಹಾರ್ಮೋನಿಯಂ ಒಂದು ಸ್ವರ ಹಿಡಿದಿದ್ದರೆ ನಾನು ಅಳದೆ ಉಳಿಯುತ್ತಿರಲಿಲ್ಲ. ಪುಣ್ಯಕ್ಕೆ ನಮ್ಮ ಹತ್ತಿರ ಹಾರ್ಮೋನಿಯಂ ಇರಲಿಲ್ಲ. ಮುಂದಿನ ಸಾಲಿನ ಹುಡುಗಿಯರು ಅಳುತ್ತಿದ್ದರು.

ಕೊನೆಯಲ್ಲಿ ಉಳಿ ಸುತ್ತಿಗೆಯವರು ಬಂದರು. ನಾನು ಗೋಡೆಯ ಮೇಲಿನ ಚಿತ್ರವಾಗಿ ಅಲುಗಾಡದೆ ನಿಂತಿದ್ದೆ. ಉಳಿಯ ಸದ್ದು ಬರಲೆಂದು ಅವರು ನನ್ನ ಸುತ್ತ ಕಲ್ಲಿಗೆ ಕಲ್ಲು ಬಡಿಯುತ್ತಿದ್ದರು. ಮಲಮಗನಾಗಿದ್ದ ಕಂಡಕ್ಟರ್ ಬೆನ್ನು ತಿರುಗಿಸಿ ನಿಂತಿದ್ದಳು. ಬೆಡ್‌ಶೀಟು ಎಳೆದರು.

ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ನನ್ನ ಬೀಗತಿ, ಮಗಳ ಅತ್ತೆ ನಿಂತಿದ್ದರು. ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಎದ್ದು ನಿಂತೆ. 

“ಕೂತ್ಕಳ್ರಿ, ದಣಿದೀರಿ,” ಅಂದರು. “ಚಲೋ ಮಾಡಿದ್ರಿ.”

“ಬೀಗತೀ, ಟೇಲರಿಂಗ್ ಅಂತ ಹೇಳಿದ್ದು…”

“ಅಯ್ಯ, ಮದುವಿಗೆ ಮುಂಚೇನ ಗೊತ್ತಿತ್ತು ಬಿಡ್ರಿ. ನಿಮ್ಮ ಪಾರ್ಟು ನಾ ಎರಡು ಸಲ ನೋಡೀನಿ, ನಮ್ಮ ತವರಿನ್ಯಾಗ. ಹುಡುಗಿ ಟೇಲರ್ ಅಂತು, ನಾನೂ ಹೂಂ ಅಂದೆ. ಬ್ಲೌಸು ಕೊಟ್ಟಿದ್ದು ಪರೀಕ್ಷಾ ಮಾಡಾಕ. ಚಲೋ ಹೊಲಿದು ಕಳಿಸಿದ್ರಲ್ಲ, ನನಗ ಆಶ್ಚರ್ಯ ಆಗ್ಬಿಡ್ತು!”

ಇಬ್ಬರೂ ಮಂಡಕ್ಕಿ ತಿಂದೆವು. ಅವರು ನನ್ನ ಗಡ್ಡ ಮುಟ್ಟಿ ನೋಡಿ, ಪುಂಡಿ ನಾರೇನು ಅಂತ ಕೇಳಿದರು. ಹೊರಡುವಾಗ, “ಸೊಸಿಗೆ ನಾ ಏನೂ ಹೇಳಾದಿಲ್ಲ. ಆಕಿ ನಿಮ್ಮ ಮ್ಯಾಲಿನ ಸಿಟ್ಟು ಆಕಿನ ಇಳಿಸ್ಕೊಳ್ಳಿ,” ಅಂದರು. ಅದು ಸರಿಯಾದ ಮಾತು ಅಂತ ನನಗೂ ಅನ್ನಿಸಿತು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಮಗಳು ಫೋನ್ ಮಾಡುತ್ತಾಳೆ, ಹಬ್ಬಕ್ಕೆ ಬರುತ್ತಾಳೆ. ನಾಟಕದ ಮಾತು ಬಂದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಾಳೆ. ನಾನು ಮಾತು ನಿಲ್ಲಿಸುವುದಿಲ್ಲ. ಅಡಿಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಮುಂದುವರಿಸುತ್ತೇನೆ.

ಆಮೇಲೆ ಹಳ್ಳಿಗಳಿಂದ ಕರೆ ಕಡಿಮೆಯಾದವು. ‘ಆಯಮ್ಮ ಈಗ ರಾಜಪಾರ್ಟನ ಕೇಳ್ತಾಳಂತ’ ಅನ್ನುವ ಸುದ್ದಿ ಹರಡಿತ್ತು. ಸುದ್ದಿ ನಿಜವೇ ಆಗಿದ್ದರಿಂದ ನಾನು ಅಲ್ಲಗಳೆಯಲಿಲ್ಲ. ಫೋನ್ ಮಾಡಿ ತಾಯಿ ಪಾರ್ಟು ಅಂದವರಿಗೆ, “ಅಳಾದು ಇದ್ರ ಬರಾದಿಲ್ಲ, ತಾಯಿ ಮಗನಿಗೆ ಎರಡು ಬುದ್ಧಿಮಾತು ಹೇಳಾದಿದ್ರ ಬರ್ತೀನಿ,” ಅಂದೆ. ಕೆಲವರು ಫೋನ್ ಇಟ್ಟರು. ಕೆಲವರು ಮಾತು ತಿದ್ದಿಕೊಂಡು ಬಂದರು. ನಮ್ಮ ನಾಟಕವನ್ನು ಕೂಡ್ಲಿಗಿಯಲ್ಲಿ ಎರಡು ಸಲ, ಕೊಟ್ಟೂರಿನಲ್ಲಿ ಒಂದು ಸಲ ಆಡಿದೆವು. ಪರದೆ ಈಗ ನಮ್ಮದೇ ಇದೆ.

ಹೋದ ವರ್ಷ ಹಡಗಲಿಯಲ್ಲಿ ಆಡಿದಾಗ ನಮ್ಮ ತಂಡಕ್ಕೆ ಸನ್ಮಾನ ಇಟ್ಟುಕೊಂಡಿದ್ದರು. ಅತಿಥಿಯಾಗಿ ಬಂದವರು ಸಾವ್ಕಾರ್ರು. ಮೈಲಾರದ ಕಡೆಯಿಂದಲೂ ಜನ ಬಂದಿದ್ದರು. ಸಾವ್ಕಾರ್ರು ಎದ್ದು ನಿಂತು, ಮೈಕು ಪಕ್ಕಕ್ಕೆ ಸರಿಸಿ, ತಮ್ಮ ದೊಡ್ಡ ದನಿಯಲ್ಲಿ ನನ್ನನ್ನು ಹೊಗಳಿದರು. ಹೊಗಳಿಕೆ ಚೆನ್ನಾಗಿಯೇ ಇತ್ತು. ಆಮೇಲೆ ಅಂದರು, “ಹೆಣಮಕ್ಳಿಗೂ ರಾಜಪಾರ್ಟು ಕೊಡಬೇಕು ಅಂತ ಮೊದಲು ಈ ತಂಗಿಗೆ ಅವಕಾಶ ಕೊಟ್ಟೋರು ನಾವ.”

ಜನ ಚಪ್ಪಾಳೆ ತಟ್ಟಿದರು. ಮೇಡಂ ನೆಲ ನೋಡಿದರು. ಶಾಲು, ಹಣ್ಣಿನ ಬುಟ್ಟಿ ನನ್ನ ಕೈಯಲ್ಲಿದ್ದವು. ಬುಟ್ಟಿಯನ್ನು ಕಂಡಕ್ಟರ್ ಕೈಗೆ ಕೊಟ್ಟೆ. ಸಾವ್ಕಾರ್ರು ಸರಿಸಿದ್ದ ಮೈಕನ್ನು ನನ್ನ ಎತ್ತರಕ್ಕೆ ಎಳೆದುಕೊಂಡೆ.

“ಅಣ್ಣಾರು ದೊಡ್ಡೋರು, ಅವರ ಮ್ಯಾಲೆ ನನಗ ಗೌರವ ಐತಿ,” ಅಂದೆ. “ಆದ್ರ ಒಂದು ಮಾತು ತಪ್ಪು ಹೇಳ್ಯಾರ. ಈ ಪಾರ್ಟು ನನಗ ಯಾರೂ ಕೊಟ್ಟಿಲ್ರಿ. ನಾನ ತಗೊಂಡೆ.”